ಅದಲು ಬದಲಾದ ಅರ್ಜಿ

ಗೆಳೆಯರೇ, ಕಸ್ಬಾ ಬಡಾವಣೆಯಲ್ಲಿ ನಾನೂ ನನ್ನ ಗೆಳತಿಯೂ ನಡೆಸುವ ಪುಟ್ಟ ವಕೀಲರ ಕಚೇರಿಗೆ ಇವತ್ತು ಟ್ರೈನಿ ಕೆಲಸ ಕೇಳಿಕೊಂಡು ಶ್ರಾವ್ಯ ಬಂದಿದ್ದಳು. ಇಲ್ಲೇ ಹತ್ತಿರದ ಬಾರಾನಗರದಲ್ಲಿ ಬೆಳೆದ ಮಂಗಳೂರಿನವರ ಮಗಳು. ಅವಳ ಅರ್ಜಿಯಲ್ಲಿ ‘ನೂರು ವಕೀಲರಿರುವ ನಿಮ್ಮ ಸಂಸ್ಥೆಯಲ್ಲಿ ಕಲಿಯುವ ಆಸೆ’ ಎಂದಿತ್ತು.

"ಇಲ್ಲಿರೋದು ನಾವಿಬ್ಬರೇ ಅಲ್ವಾ?" ಎಂದೆ.

ಅವಳ ಮುಖ ಕೆಂಪಾಯಿತು. "ಸಾರಿ ಮೇಡಂ, ಅದು ದೊಡ್ಡ ಫರ್ಮಿಗೆ ಬರೆದದ್ದು. ನಿಮ್ಮ ಲೆಟರ್ ಅವರಿಗೆ ಹೋಗಿದೆ."

"ನಮಗೇನು ಬರೆದಿದ್ದೆ?"

"ದೊಡ್ಡ ಫರ್ಮಲ್ಲಿ ಬರೀ ಜೆರಾಕ್ಸ್ ಮಾಡಿಸ್ತಾರೆ, ನಿಮ್ಮಲ್ಲಿ ಕೇಸ್ ಕಲೀಬಹುದು ಅಂತ."

ತಪ್ಪನ್ನು ಮುಚ್ಚಿಡಲಿಲ್ಲವಲ್ಲ ಎಂದು ಖುಷಿಯಾಯಿತು. "ಸೋಮವಾರದಿಂದ ಬಾ" ಎಂದೆ.

"ನಾಳೆ ಹೇಳ್ತೇನೆ ಮೇಡಂ. ಆ ಲೆಟರ್ ಓದಿ ದೊಡ್ಡ ಫರ್ಮಿನವರೂ ಇಂಟರ್‌ವ್ಯೂಗೆ ಕರೆದಿದ್ದಾರೆ."

ಕೆಲಸ ಹುಡುಕುತ್ತಿರುವ ಹೊಸ ವಕೀಲರೇ, ಅರ್ಜಿಯಲ್ಲಿ ನಿಜವನ್ನೇ ಬರೆಯಿರಿ. ಯಾರಿಗೆ ತಲುಪಿದರೂ ನಡೆಯುತ್ತದೆ.