ಹೊಲಿಗೆ ಅಕ್ಕೋರು ಮತ್ತು ಕಾಲರ್ ಮಾಮಾ

ಬಾಯಿಯ ಎಡಮೂಲೆಯಲ್ಲಿ ಮೂರ್ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಅಕ್ಕೋರು ನಮ್ಮನ್ನು ಬೈಯುತ್ತಿದ್ದರು. ತುಟಿಯ ಬಲಭಾಗವಷ್ಟೇ ಅಲ್ಲಾಡುತ್ತಿತ್ತು. ಬೈಗುಳ ಪೂರ್ತಿ ಹೊರಬೀಳುತ್ತಿತ್ತು, ಪಿನ್ನು ಮಾತ್ರ ಒಂದೂ ಬೀಳುತ್ತಿರಲಿಲ್ಲ. ಹೊಸದಾಗಿ ಬಂದ ಹುಡುಗಿಯರು ಬೈಗುಳಕ್ಕೆ ಹೆದರುವುದು ಬಿಟ್ಟು, ಇವರು ಪಿನ್ನು ನುಂಗಿಬಿಟ್ಟರೆ ಏನು ಗತಿ ಎಂದು ಹೆದರುತ್ತಿದ್ದರು. ನಾನೂ ಹಾಗೆ ಹೆದರಿದವಳೇ.

ತೊಂಬತ್ತರ ದಶಕದ ಮಾತು. ಬೈಲಹೊಂಗಲದ ಬಜಾರಿನ ಹಿಂದಿನ ಓಣಿಯಲ್ಲಿ, ಒಂದು ಎಣ್ಣೆ ಅಂಗಡಿಯ ಮಾಳಿಗೆಯ ಮೇಲೆ ಅವರ ಹೊಲಿಗೆ ಕ್ಲಾಸು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದೇ ರೂಢಿ. ನಾನು ದೊಡವಾಡದಿಂದ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಹತ್ತನೆಯದು ನಪಾಸು. ಚಿಕ್ಕಂದಿನ ಜ್ವರದಲ್ಲಿ ಬಲಗಾಲು ಸೊರಗಿ ಸಣ್ಣಗಾಗಿತ್ತು. ಎಲ್ಲಮ್ಮನ ಜಾತ್ರೆ ನಡೆಯುವ ಬನದ ಹುಣ್ಣಿಮೆಯ ತನಕ ಕಲಿಯಲಿ, ಮಷಿನ್ ತುಳಿಯಲು ಬಾರದಿದ್ದರೆ ಉಗರಗೋಳದ ಸೋದರಮಾವನ ಮನೆಗೆ ಕಳಿಸಿಬಿಡೋಣ ಎಂದು ಮನೆಯಲ್ಲಿ ನಿರ್ಧಾರವಾಗಿತ್ತು. ಮಾವನದು ಎಲ್ಲಮ್ಮನ ಗುಡ್ಡಕ್ಕೆ ಬರುವ ಜನಕ್ಕೆ ಕಾಯಿ, ಭಂಡಾರದ ಅರಿಶಿನಪುಡಿ ಮಾರುವ ಅಂಗಡಿ.

"ಕುಂತಲ್ಲೇ ಭಂಡಾರದ ಪುಡಕಿ ಕಟ್ಟಿಕೋತ ಇರ್ತಾಳ. ಎರಡು ಹೊತ್ತು ಊಟಕ್ಕೇನ ಕಡಿಮಿ ಮಾಡಂಗಿಲ್ಲ ಅವರು," ಎಂದಿದ್ದ ಅಣ್ಣ. ಕೆಟ್ಟವನಲ್ಲ ಅವನು, ನನ್ನ ಒಳ್ಳೆಯದಕ್ಕೇ ಹೇಳಿದ್ದ. ಆದರೆ ನನಗೆ ಮೈಯೆಲ್ಲ ಉರಿದುಹೋಗಿತ್ತು. ಜೀವಮಾನವಿಡೀ ಇನ್ನೊಬ್ಬರ ಮನೆಯ ಮೂಲೆಯಲ್ಲಿ ಕೂತು, ಅವರು ಹಾಕಿದ್ದನ್ನು ಉಣ್ಣುವುದೆಂದರೆ ಏನು ಬದುಕು ಅದು!

ಮೊದಲ ದಿನ ಮೆಟ್ಟಿಲು ಹತ್ತುವಾಗಲೇ ಹಾಡು ಕೇಳಿಸಿತು. ಕಿಟಕಿಯಲ್ಲೊಂದು ಟೇಪ್ ರಿಕಾರ್ಡರು, ಅದರಲ್ಲಿ ಅಮೆರಿಕದ ಹಳೆಯ ಕಾಲದ ಒಬ್ಬ ರಾಕ್ ಅಂಡ್ ರೋಲ್ ಗಾಯಕ ಗಂಟಲು ಹರಿದುಕೊಂಡು ಹಾಡುತ್ತಿದ್ದ. ಏನು ಹಾಡುತ್ತಿದ್ದಾನೆಂದು ನಮಗಂತೂ ಒಂದಕ್ಷರ ತಿಳಿಯುತ್ತಿರಲಿಲ್ಲ, ಅಕ್ಕೋರಿಗೂ ತಿಳಿಯುತ್ತಿರಲಿಲ್ಲ. ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ ಅವನ ಅಂಗಿಯ ಕಾಲರು ಸೆಟೆದು ನಿಂತಿತ್ತು. ಹೀಗಾಗಿ ನಮ್ಮ ಪಾಲಿಗೆ ಅವನು ಕಾಲರ್ ಮಾಮಾ. ಕಾಲರಿನ ಪಾಠ ಬಂದಾಗ ಅಕ್ಕೋರು ಅದೇ ಚಿತ್ರ ತೋರಿಸುತ್ತಿದ್ದರು. "ಹಿಂಗ ನಿಂದರಬೇಕು. ಒಳಗ ಕ್ಯಾನ್ವಾಸ್ ಬರೋಬ್ಬರಿ ಕೂಡಿಸ್ಯಾನ ನೋಡ್ರಿ ಆ ಟೇಲರ್, ಯಾವ ಪುಣ್ಯಾತ್ಮನೋ!"

ಅಂಥ ಕ್ಯಾಸೆಟ್ಟು ಅವರ ಹತ್ತಿರ ನಾಲ್ಕಿದ್ದವು. ನಾಲ್ಕೂ ಗ್ರೇಟೆಸ್ಟ್ ಹಿಟ್ಸ್, ಅಂದರೆ ಅವನ ಹೆಸರಾದ ಹಾಡುಗಳನ್ನೇ ಆರಿಸಿ ಕೂಡಿಸಿದ್ದು. ಅಕ್ಕೋರ ಯಜಮಾನರು ಮಿಲಿಟರಿಯಲ್ಲಿದ್ದರು. ಒಮ್ಮೆ ರಜೆಗೆ ಬರುವಾಗ ಒಂದು ಕ್ಯಾಸೆಟ್ಟು ತಂದರಂತೆ, ಅಕ್ಕೋರು "ಛಲೋ ಐತ್ರಿ" ಎಂದರಂತೆ. ಅಷ್ಟೇ ಸಾಕಾಯಿತು. ಆ ಮನುಷ್ಯನಿಗೆ ಹಾಡಿನ ಗಂಧವಿಲ್ಲ, ಗುರುತು ಹಿಡಿಯುತ್ತಿದ್ದುದು ಮುಖವನ್ನು ಮಾತ್ರ. ಅಂಗಡಿಯಲ್ಲಿ ಆ ಮುಖ ಬೇರೆ ಬಣ್ಣದ ಕಾಗದದಲ್ಲಿ ಕಂಡರೆ ಹೊಸ ಹಾಡು ಬಂದಿವೆಯೆಂದು ಕೊಂಡು ತರುತ್ತಿದ್ದರು. ಒಳಗೆ ನೋಡಿದರೆ ಅವೇ ಹಾಡು, ಅವು ಬರುವ ಸಾಲು ಮಾತ್ರ ಬೇರೆ. ಒಂದರಲ್ಲಿ ಮೊದಲು ಬರುವುದು ಇನ್ನೊಂದರಲ್ಲಿ ಕೊನೆಗೆ.

"ಅವರಿಗೆ ಹೇಳಲಿಲ್ಲೇನ್ರಿ ಅಕ್ಕೋರ?" ಎಂದು ಕೇಳಿದ್ದೆ.

"ಏನಂತ ಹೇಳಲಿ? ಅಷ್ಟು ದೂರಿಂದ ಟ್ರಂಕಿನ್ಯಾಗ ಅರಿವ್ಯಾಗ ಸುತ್ತಿಕೊಂಡು ತಂದಿರ್ತಾರ. ಹಳೇವ ಅದಾವು ಅಂತ ಹೆಂಗ ಅನ್ನೂದು? ಅವರು ತರೋದು ಬಿಡಲಿಲ್ಲ, ನಾ ಖುಷಿ ಪಡೋದು ಬಿಡಲಿಲ್ಲ." ಹೇಳುವಾಗ ಮುಖ ಕೆಂಪಾಗಿತ್ತು. ಯಜಮಾನರು ಆಗಲೇ ತೀರಿಹೋಗಿದ್ದರು.

ಕಾಲಿನಿಂದ ತುಳಿಯುವ ಮಷಿನ್ನಿನಲ್ಲಿ ಕೂತವರಿಗೇ ಗೊತ್ತು ಅದರ ಹಟ. ತುಳಿತ ಒಂದು ಚೂರು ತಪ್ಪಿದರೆ ಗಾಲಿ ಹಿಂದಕ್ಕೆ ತಿರುಗುತ್ತದೆ, ದಾರ ಗಂಟುಬಿದ್ದು ತುಂಡಾಗುತ್ತದೆ. ಉಳಿದವರು ಎರಡು ಕಾಲಿನಲ್ಲಿ ತುಳಿಯುವುದನ್ನು ನಾನು ಎಡಗಾಲೊಂದರಲ್ಲೇ ತುಳಿಯಬೇಕಿತ್ತು. ನನ್ನ ಮಷಿನ್ನಿನ ಕೆಳಗೆ ದಿನಾ ತುಂಡುದಾರದ ರಾಶಿ ಬೀಳುತ್ತಿತ್ತು. ಒಂದು ದಿನ ಅಕ್ಕೋರು ನೆಲಕ್ಕೇ ಕೂತು, ನನ್ನ ಎಡಪಾದವನ್ನು ಎರಡೂ ಕೈಯಲ್ಲಿ ಹಿಡಿದು ಪೆಡಲಿನ ಮೇಲಿಟ್ಟರು. ನಾನು ನಾಚಿಕೆಯಿಂದ ಕಾಲು ಎಳೆದುಕೊಳ್ಳಹೋದೆ.

"ಸುಮ್ಕ ಇಡ ಹುಡುಗಿ. ಡುಮ್ ಅಂದಾಗ ಬೆರಳು ಒತ್ತು, ಟಕ್ ಅಂದಾಗ ಹಿಮ್ಮಡಿ ಒತ್ತು. ಆ ಮಾಮಾ ಏನ್ ಒದರತಾನ ಅದನ್ನ ಕೇಳಬ್ಯಾಡ, ಅವನ ಹಿಂದ ಡೋಲ ಬಡ್ಯಾವ ಇದ್ದಾನಲ್ಲ, ಅವನ್ನ ಕೇಳು."

ಡುಮ್ ಟಕ್, ಡುಮ್ ಟಕ್. ಆ ಡೋಲಿನವನು ಯಾರೋ, ಎಲ್ಲಿಯವನೋ, ಅವನ ಹೊಟ್ಟೆ ತಣ್ಣಗಿರಲಿ. ಗಾಲಿ ಮುಂದಕ್ಕೆ ತಿರುಗಿತು. ಜೋರಿನ ಹಾಡಿಗೆ ಲಂಗದ ಉದ್ದ ಹೊಲಿಗೆ, ನಿಧಾನದ ಹಾಡಿಗೆ ತೋಳು ಕೂಡಿಸುವುದು, ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ದಾರ ಕತ್ತರಿಸುವುದು. ಕ್ಲಾಸಿನ ಪಾಠವೆಲ್ಲ ಹೀಗೇ ನಡೆಯುತ್ತಿತ್ತು.

ಬನದ ಹುಣ್ಣಿಮೆ ಹತ್ತಿರ ಬಂತು. ಅರಳೆ ಮಾರಲು ಬೈಲಹೊಂಗಲಕ್ಕೆ ಬಂದಿದ್ದ ಅಣ್ಣ ನನ್ನನ್ನು ಕರೆದೊಯ್ಯಲು ಮಾಳಿಗೆ ಹತ್ತಿದ. ಬಾಗಿಲಲ್ಲೇ ನಿಂತುಬಿಟ್ಟ.

"ಏನ್ರೀ ಅಕ್ಕೋರ, ಇದು ಹೊಲಿಗಿ ಕ್ಲಾಸೋ, ಡ್ಯಾನ್ಸ್ ಕ್ಲಾಸೋ?"

ಅಕ್ಕೋರು ಟೇಪು ಬಂದ್ ಮಾಡಿ ಒಂದು ಸ್ಟೂಲು ಸರಿಸಿದರು. "ಬರ್ರಿ ತಮ್ಮಾ, ಕುಂತ್ಕೋರಿ. ನಿಮಗ ಎರಡೂ ಕಾಲು ಗಟ್ಟಿ ಅದಾವ. ಒಂದು ಗೇಣು ನೆಟ್ಟಗ ಹೊಲದು ತೋರಸ್ರಿ, ನಿಮ್ಮ ತಂಗೀನ್ನ ಈಗಿಂದೀಗ ಕರಕೊಂಡು ಹೋಗ್ರಿ."

ಅಣ್ಣ ನಕ್ಕ. ಕೂತ. ತುಳಿದ. ಗಾಲಿ ಗರ್ರನೆ ಹಿಂದಕ್ಕೆ ತಿರುಗಿ ದಾರ ಫಟ್ಟೆಂದಿತು. ಮತ್ತೆ ಪೋಣಿಸಿ ಕೊಟ್ಟರು, ಮತ್ತೆ ಫಟ್. ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಅಣ್ಣನ ಹಣೆಯಲ್ಲಿ ಬೆವರು. "ಇದೇನ್ ಹೈರಾಣ ಐತ್ರೀ!" ಎಂದು ಎದ್ದುಬಿಟ್ಟ. ಅಕ್ಕೋರು ಟೇಪು ಹಚ್ಚಿ ನನ್ನನ್ನು ಅದೇ ಸ್ಟೂಲಿನ ಮೇಲೆ ಕೂರಿಸಿದರು. ನಾನು ಒಂದು ಲಂಗದ ಬದಿಯನ್ನು ಮೇಲಿಂದ ಕೆಳಗಿನವರೆಗೆ ಎಲ್ಲೂ ನಿಲ್ಲಿಸದೆ ಹೊಲಿದೆ. ಅಣ್ಣ ಬಟ್ಟೆಯನ್ನು ನೋಡಲಿಲ್ಲ, ನನ್ನ ಕಾಲನ್ನೇ ನೋಡುತ್ತ ನಿಂತಿದ್ದ.

"ಪರೀಕ್ಷಾ ತನಕ ಇರ್ಲಿ ಬಿಡ್ರಿ," ಎಂದ ಕೊನೆಗೆ. "ಪಾಸಾದ್ರ ಒಂದು ಮಷಿನ್ ಕೊಡಸತೇನಿ. ಇಲ್ಲಾಂದ್ರ ಉಗರಗೋಳ."

ಸರ್ಕಾರದ ಹೊಲಿಗೆ ಪರೀಕ್ಷೆ ಸವದತ್ತಿಯಲ್ಲಿ. ಅಲ್ಲಿ ಟೇಪು ಯಾರು ಹಚ್ಚಿಕೊಡುತ್ತಾರೆ? ಆ ಯೋಚನೆಗೇ ನನಗೆ ನಿದ್ದೆ ಹಾರಿಹೋಯಿತು. ಮಾಳಿಗೆಯಲ್ಲಿ ಕರೆಂಟು ಹೋದರೆ ನನ್ನ ಕಾಲಿನ ಕರೆಂಟೂ ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಫಜೀತಿ ಅಕ್ಕೋರು ಕ್ಯಾಸೆಟ್ಟು ಬದಲಿಸಿದಾಗ ಬಯಲಾಯಿತು. ಮೊದಲ ಕ್ಯಾಸೆಟ್ಟಿನ ಸಾಲು ನನಗೆ ಬಾಯಿಪಾಠವಾಗಿತ್ತು. ಜೋರಿನ ಹಾಡಾದ ಮೇಲೆ ನಿಧಾನದ್ದು ಬರುತ್ತದೆಂದು ನನ್ನ ಕಾಲು ತಾನಾಗಿಯೇ ಸಡಿಲಾಯಿತು. ಬಂದದ್ದು ಇನ್ನೂ ಜೋರಿನದು. ಫಟ್! ನಾನು ಬಿಕ್ಕಿ ಬಿಕ್ಕಿ ಅತ್ತೆ. "ನನ್ನ ಹಣೇಬರದಾಗ ಉಗರಗೋಳನ ಬರದೈತ್ರಿ ಅಕ್ಕೋರ," ಎಂದೆ.

"ಅಳಬ್ಯಾಡ. ನೀ ಕಲ್ತದ್ದು ಸಾಲು, ತಾಳ ಅಲ್ಲ. ನಮ್ಮ ಯಜಮಾನ್ರು ಮೂರು ಸಲ ಮೋಸ ಹೋಗಿದ್ದು ನಿನ್ನ ಸಲುವಾಗಿನ ಅಂತ ತಿಳಕೋ."

ಅಂದಿನಿಂದ ಅವರು ನಾಲ್ಕೂ ಕ್ಯಾಸೆಟ್ಟು ಕಲೆಸಿ, ಯಾವುದೆಂದು ಹೇಳದೆ ಹಾಕತೊಡಗಿದರು. ಮುಂದೇನು ಬರುತ್ತದೆಂದು ಕಾಯುವುದನ್ನು ನನ್ನ ಕಾಲು ಬಿಟ್ಟಿತು. ಆಮೇಲೆ ದಿನಕ್ಕಿಷ್ಟು ಸದ್ದು ಇಳಿಸಿದರು. ಒಂದು ಮಧ್ಯಾಹ್ನ ನಾನು ಸೀರೆಯ ಜಂಪರಿಗೆ ತೋಳು ಕೂಡಿಸುತ್ತಿದ್ದೆ. ತಲೆ ಎತ್ತಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಟೇಪಿನಲ್ಲಿ ಕ್ಯಾಸೆಟ್ಟೇ ಇರಲಿಲ್ಲ.

"ಮಾಮಾ ಊಟಕ್ಕ ಹೋಗಿ ಭಾಳ ಹೊತ್ತಾತವಾ, ನೀ ಹೊಲಿ," ಎಂದರು ಅಕ್ಕೋರು.

ಸವದತ್ತಿಯ ಪರೀಕ್ಷಾ ಕೋಣೆಯಲ್ಲಿ ನಾವು ಬೈಲಹೊಂಗಲದ ಹುಡುಗಿಯರು ಒಂದೇ ಸಾಲಿನಲ್ಲಿ ಕೂತಿದ್ದೆವು. ಪರೀಕ್ಷಕರು ವಯಸ್ಸಾದವರು. ಓಡಾಡುತ್ತಿದ್ದವರು ನಮ್ಮ ಹತ್ತಿರ ಬಂದು ನಿಂತು ಕಿವಿಗೊಟ್ಟರು. "ಏನವಾ ಇದು, ಎಲ್ಲಾರೂ ಒಂದ ತಾಳಕ್ಕ ತುಳ್ಯಾಕತ್ತೀರಿ! ಭಜನಿ ಮಂಡಳಿಯವರೇನ?" ಅವರು ನನ್ನ ಮುಂದೆ ಸ್ವಲ್ಪ ಹೊತ್ತು ನಿಂತರು. ಗಾಲಿ ಮುಂದಕ್ಕೇ ತಿರುಗುತ್ತಿತ್ತು.

ಪಾಸಾದೆ. ಅಣ್ಣ ಮಾತು ತಪ್ಪಲಿಲ್ಲ. ದೊಡವಾಡದ ಬಸ್ ನಿಲ್ದಾಣದ ಎದುರು ನನ್ನದೇ ಅಂಗಡಿಯಾಯಿತು. ಸಾಲಿ ಮಕ್ಕಳ ಯುನಿಫಾರ್ಮು, ಮದುವೆಯ ಜಂಪರು ಎಲ್ಲ ಬರತೊಡಗಿದವು. ಇವತ್ತಿನವರೆಗೂ ನಾನು ಯಾರ ಮನೆಯ ಮೂಲೆಯಲ್ಲೂ ಕೂತಿಲ್ಲ. ಇದು ಅಕ್ಕೋರು ಕೊಟ್ಟ ಅನ್ನ, ಇನ್ನು ಹೇಗೆ ಹೇಳಲಿ?

ಎರಡು ಸಾವಿರದ ಇಸವಿ ದಾಟಿ ಕೆಲ ವರ್ಷಗಳಾದ ಮೇಲೆ ಒಂದು ದಿನ ಅಕ್ಕೋರು ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದರು. ಕಣ್ಣಿಗೆ ಪೊರೆ ಬಂದು ಸೂಜಿ ಪೋಣಿಸುವುದೂ ಆಗುತ್ತಿರಲಿಲ್ಲ. ಚೀಲದಿಂದ ಜಂಪರಿನ ಒಂದು ಹಸಿರು ಖಣ ತೆಗೆದರು. "ನನ್ನ ಜಂಪರ ಇಲ್ಲೀತನಕ ಯಾರ ಕೈಯಾಗೂ ಕೊಟ್ಟಾಕಿ ಅಲ್ಲ. ಅಳತಿ ತಗೋ," ಎಂದು ಎರಡೂ ಕೈ ಎತ್ತಿ ನನ್ನ ಮುಂದೆ ನಿಂತರು. ಹೊಲಿದು ಕೊಟ್ಟಾಗ ಒಳಗು ಹೊರಗು ಮಾಡಿ, ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಹೊಲಿಗೆ ಸವರಿ ನೋಡಿದರು. "ಎಡಗಡೆ ಒಂದೀಟ ಜಗ್ಗೈತಿ. ಇರ್ಲಿ, ಆ ಕೈ ನಾ ಭಾಳ ಎತ್ತಂಗಿಲ್ಲ." ಆಮೇಲೆ ಅವರ ಜಂಪರುಗಳೆಲ್ಲ ನನ್ನ ಹತ್ತಿರವೇ ಬಂದವು.

ಅವರು ತೀರಿಕೊಂಡರೆಂದು ಅವರ ಮಗಳ ಫೋನು ಬಂದಾಗ ಅವರದೇ ಒಂದು ಜಂಪರು ನನ್ನ ಮಷಿನ್ನಿನಲ್ಲಿ ಅರ್ಧಕ್ಕೆ ನಿಂತಿತ್ತು. ಮಣ್ಣು ಕೊಡಲು ಹೋಗಿ ಬಂದೆ. ಕೆಲವು ದಿನ ಅಂಗಡಿಯ ಬಾಗಿಲನ್ನೇ ತೆಗೆಯಲಿಲ್ಲ. ಆಮೇಲೊಂದು ಸಂಜೆ ಕೂತು ಅದನ್ನು ಪೂರ್ತಿ ಮಾಡಿದೆ. ನನ್ನ ಮೈಗೆ ಬಿಗಿಯಾಗುತ್ತಿತ್ತು, ಬದಿ ಬಿಚ್ಚಿ ಸಡಿಲಿಸಿದೆ.

"ಸತ್ತವರ ಅರಿವಿ ತೊಡತಾರೇನ?" ಎಂದು ಅವ್ವ ಗದರಿದಳು.

"ಅವರು ಇದನ್ನ ಇನ್ನೂ ತೊಟ್ಟಿದ್ದಿಲ್ಲವಾ, ನಾ ಹೊಲದದ್ದು ಇದು," ಎಂದೆ. ಮರುದಿನ ಬೆಳಿಗ್ಗೆ ಅದನ್ನೇ ತೊಟ್ಟುಕೊಂಡು ಹೋಗಿ ಅಂಗಡಿ ತೆರೆದೆ.