ಶಿವಬಸಪ್ಪನ ಕರಿಬೇವು, ನಮ್ಮ ಮನೆಯ ಪೈಪು

ಶಿವಬಸಪ್ಪನನ್ನು ಕಂಡರೆ ನನಗೆ ಹೊಟ್ಟೆಯುರಿ. ಮುಚ್ಚಿಟ್ಟು ಏನು ಪ್ರಯೋಜನ? ಗದಗದ ಕಡೆಯವನು, ಇಲ್ಲಿ ಮಿಷಿಗನ್ನಿನ ವಿಕ್ಸಮ್‌ನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ನಾನೂ ಇಂಜಿನಿಯರೇ, ಇಪ್ಪತ್ತೆರಡು ವರ್ಷದಿಂದ ಕಾರಿನ ಬ್ರೇಕ್ ಡಿಸೈನ್ ಮಾಡುತ್ತಿದ್ದೇನೆ. ಆದರೂ ನಮ್ಮೂರಾದ ಫಾರ್ಮಿಂಗ್ಟನ್ ಹಿಲ್ಸ್‌ನ ಕನ್ನಡದ ಮನೆಗಳಲ್ಲಿ ಏನು ಕೆಟ್ಟರೂ ಫೋನು ಹೋಗುವುದು ಅವನಿಗೇ. ಬರುತ್ತಾನೆ, ಸರಿ ಮಾಡುತ್ತಾನೆ, ಅರ್ಧ ಲೋಟ ಚಹಾ ಕುಡಿದು ಹೋಗುತ್ತಾನೆ. ಬೈಯಲು ಒಂದು ಕಾರಣವನ್ನಾದರೂ ಕೊಡಬಾರದೇ ಮಹಾರಾಯ!

ಇಷ್ಟನ್ನು ಸಹಿಸಿಕೊಂಡೇನು. ಸಹಿಸಲಾಗದ್ದು ಅವನ ಕರಿಬೇವಿನ ಗಿಡ. ಮಿಷಿಗನ್ನಿನ ಚಳಿಯಲ್ಲೂ ಅವನ ಹಾಲ್‌ನಲ್ಲಿ ಅದು ಛಾವಣಿ ಮುಟ್ಟುತ್ತದೆ. ನಮ್ಮದು ಬರೀ ನಾಲ್ಕು ಕಡ್ಡಿ. ನನ್ನ ಹೆಂಡತಿ ಭಾನು ಪ್ರತಿ ವಾರ ಅವನ ಮನೆಯಿಂದ ಒಂದು ಚೀಲ ಎಲೆ ತರುತ್ತಾಳೆ, ಅವರ ಕೈಗುಣವೇ ಕೈಗುಣ ಅನ್ನುತ್ತಾಳೆ. ನಮ್ಮ ಮನೆಯ ಒಗ್ಗರಣೆಯಲ್ಲಿ ಅವನ ಎಲೆ ಚಟಪಟ ಅನ್ನುವಾಗ ನನಗೆ ಊಟವೇ ಸೇರುವುದಿಲ್ಲ. ಈ ಚಳಿಗಾಲದಲ್ಲಿ ನಮ್ಮ ಗಿಡ ಚಿಗುರಲೇಬೇಕು, ಆ ಕೈಗುಣದ ಮಾತು ಭಾನು ಒಮ್ಮೆಯಾದರೂ ನನಗೆ ಹೇಳಬೇಕು ಎಂದು ಹಟ ಹಿಡಿದೆ.

ನಮ್ಮ ಮನೆಯ ಪಕ್ಕದ ಗೋಡೆಯಿಂದ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಫರ್ನೇಸಿನ ಎರಡು ಬಿಳಿ ಪೈಪುಗಳು ಹೊರಬಂದಿವೆ. ಒಂದು ಗಾಳಿ ಎಳೆದುಕೊಳ್ಳಲು, ಇನ್ನೊಂದು ಹೊಗೆ ಬಿಡಲು. ಆ ಹೊಗೆ ಬೆಚ್ಚಗೆ, ಹಬೆಯ ಹಾಗೆ ತೇವವಾಗಿರುತ್ತದೆ. ಗಿಡಕ್ಕೆ ಬೆಚ್ಚಗಿರಲಿ ಎಂದು ಅದರ ಕುಂಡವನ್ನು ಆ ಪೈಪಿನ ಕೆಳಗಿಟ್ಟು, ಎರಡೂ ಪೈಪು ಒಳಗೆ ಬರುವಂತೆ ಪ್ಲಾಸ್ಟಿಕ್ ಹಾಳೆಯ ಗುಡಾರ ಕಟ್ಟಿದೆ. ಗಿಡ ಗರಾಜಿನಲ್ಲಿದೆ ಎಂದು ಭಾನುಗೆ ಸುಳ್ಳು ಹೇಳಿದೆ.

ಎರಡೇ ದಿನ. ಫರ್ನೇಸು ಹೊತ್ತಿಕೊಳ್ಳುವುದು, ಆರುವುದು, ಇದೇ ಆಯಿತು. ಫಿಲ್ಟರ್ ಬದಲಿಸಿದೆ, ಥರ್ಮೋಸ್ಟಾಟಿಗೆ ಹೊಸ ಬ್ಯಾಟರಿ ಹಾಕಿದೆ. ಗುಡಾರದ ನೆನಪೇ ಬರಲಿಲ್ಲ ನನ್ನ ಬುದ್ಧಿಗೆ! ಮನೆಯೊಳಗಿನ ಶಾಖ ಐವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದು ಚಳಿ ಕೊರೆಯತೊಡಗಿದಾಗ, ನಾನು ಬೇಡ ಬೇಡ ಅನ್ನುತ್ತಿದ್ದರೂ ಭಾನು ಅವನಿಗೆ ಫೋನ್ ಮಾಡಿದಳು.

ಶಿವಬಸಪ್ಪ ಬಂದವನೇ ವಿಷಗಾಳಿ ಸೋರಿದರೆ ಕೂಗುವ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಒತ್ತಿ ನೋಡಿದ. ಫರ್ನೇಸಿರುವ ಬೇಸ್‌ಮೆಂಟಿಗೆ ಇಳಿಯದೆ ಸೀದಾ ಹೊರಗೆ ನಡೆದ. ಆಗ ನನಗೆ ಹೊಳೆಯಿತು, ಹಿಂದೆಯೇ ಓಡಿದೆ. ಗುಡಾರ ನೋಡಿದ, ಕಪ್ಪಗೆ ಸುರುಟಿದ್ದ ಗಿಡ ನೋಡಿದ, ನನ್ನ ಮುಖ ನೋಡಿದ. ಬಿಟ್ಟ ಹೊಗೆಯನ್ನೇ ಫರ್ನೇಸು ಮತ್ತೆ ಎಳೆದುಕೊಳ್ಳುತ್ತಿದೆ, ಪೈಪಿನ ಬಾಯಿಗೆ ಐಸ್ ಬೇರೆ ಕಟ್ಟಿದೆ ಎಂದು ಮೆಲ್ಲಗೆ ತಿಳಿಸಿದ. ಹಾಳೆ ಬಿಚ್ಚಿ, ಐಸ್ ಒಡೆದು ತೆಗೆದ. ಒಳಗೆ ಫರ್ನೇಸು ಹೊತ್ತಿಕೊಂಡ ಸದ್ದು ಕೇಳಿತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ಅಕ್ಕಾರಿಗೆ ಹೇಳಂಗಿಲ್ಲ ತಗೋರಿ," ಅಂದ. "ನಾನೂ ಮೊದಲ್ನೇ ವರ್ಷ ಇದನ್ನ ಮಾಡಿದ್ದೆ. ಎರಡು ಗಿಡ ಸತ್ತುವು."

ನೋಡಿ, ಪೆದ್ದತನದಲ್ಲೂ ನನಗಿಂತ ಮೊದಲು ಅವನೇ!

ಪೈಪಿಗೆ ಐಸ್ ಕಟ್ಟಿತ್ತು ಎಂದಷ್ಟೇ ಭಾನುಗೆ ಹೇಳಿ, ಅರ್ಧ ಲೋಟ ಚಹಾ ಕುಡಿದು ಹೋದ. ಸಂಜೆ ಸದ್ದಿಲ್ಲದೆ ಒಂದು ಕುಂಡ ತಂದು ನಮ್ಮ ಗರಾಜಿನಲ್ಲಿಟ್ಟ. ಮೊಣಕಾಲೆತ್ತರದ ಗಿಡ, ತುಂಬ ಎಲೆ.

ಕೆಲವು ವಾರ ಬಿಟ್ಟು, ನಮ್ಮ ಗಿಡವೇ ಚಿಗುರಿತು ಎಂದು ಭಾನುಗೆ ಹೇಳಿ ಅದನ್ನು ಒಳಗೆ ತಂದೆ. ಈಗ ಅದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ. ಮೊನ್ನೆ ಭಾನು ಅದರಿಂದ ಒಂದು ಎಸಳು ಕಿತ್ತು ಒಗ್ಗರಣೆಗೆ ಹಾಕಿದಳು.

"ಏನೇ ಹೇಳಿ, ನಿಮ್ಮ ಕೈಗುಣಾನೂ ಚೆನ್ನಾಗಿದೆ ರೀ," ಅಂದಳು.

ಎಲೆ ಚಟಪಟ ಅಂದಿತು. ಅವತ್ತೂ ನನಗೆ ಊಟ ಸೇರಲಿಲ್ಲ.