ಸೌಹಾರ್ದ ಶಿಬಿರದಲ್ಲಿ ಸಿಕ್ಕ ಬಂಗುಡೆ ಪಾಲು

ಕಣ್ಣು ಮುಚ್ಚಿ ಹಿಂದಕ್ಕೆ ಬೀಳಿ, ಅವರು ಹಿಡಿದುಕೊಳ್ಳುತ್ತಾರೆ ಅಂತ ಶಿಬಿರ ನಡೆಸಲು ಬಂದಿದ್ದ ಬೆಂಗಳೂರಿನ ಮೇಡಂ ನಮ್ಮ ಮಂಜಣ್ಣನಿಗೆ ಹೇಳಿದರು. ಹಿಡಿಯಬೇಕಾಗಿದ್ದವನು ರಫೀಕ್.

ಮಂಜಣ್ಣ ಬೀಳಲಿಲ್ಲ. ಅವರ ಗಾತ್ರಕ್ಕೆ ಬಿದ್ದಿದ್ದರೆ ಸೌಹಾರ್ದಕ್ಕಿಂತ ಮೊದಲು ಆಂಬ್ಯುಲೆನ್ಸ್ ಬೇಕಾಗುತ್ತಿತ್ತು, ಆ ಮಾತು ಬೇರೆ.

ವಿಷಯ ಇಷ್ಟೇ. ನಮ್ಮೂರು ಬೀಜಾಡಿಯಲ್ಲಿ ಮಂಜಣ್ಣನದ್ದು ಕೈರಂಪಣಿ ಬಲೆ, ದಡದಲ್ಲಿ ನಿಂತು ಎಳೆಯುವಂಥದ್ದು. ಆ ಮೀನನ್ನು ಬೈಕಿನಲ್ಲಿ ಮನೆಮನೆಗೆ ಮಾರುವವನು ರಫೀಕ್. ಯಾವುದೋ ವಾಟ್ಸಾಪ್ ಮೆಸೇಜ್ ನಂಬಿ 'ಅವರಿಗೆ' ಮೀನು ಕೊಡುವುದಿಲ್ಲ ಅಂತ ಮಂಜಣ್ಣ ನಿಲ್ಲಿಸಿಬಿಟ್ಟಿದ್ದರು.

ರಫೀಕ್ ನನ್ನ ಕ್ಲಾಸ್‌ಮೇಟ್. ಅವನ ಬೈಕಿನ ಖಾಲಿ ಮೀನಿನ ಬಾಕ್ಸ್ ನೋಡಿದಾಗೆಲ್ಲ ನನಗೆ ಬೇಸರವಾಗುತ್ತಿತ್ತು.

ಕೋಮು ಗಲಾಟೆ ತಡೆಯುವ ಕೆಲಸಕ್ಕೆ ಒಂದು ಸಂಸ್ಥೆ ಅನುದಾನ ಕೊಡುತ್ತದೆ ಅಂತ ಗೊತ್ತಾಗಿ ನಮ್ಮ ಯುವಕ ಮಂಡಲದಿಂದ ಅರ್ಜಿ ಹಾಕಿದೆ. ಅನುದಾನ ಬಂತು. ಬ್ಯಾನರ್ ಬಂತು. ಪಲಾವ್ ಬಂತು... ಯಾರ ಬಾಯಿಂದಲೂ ಮಾತು ಮಾತ್ರ ಬರಲಿಲ್ಲ.

ಮೇಡಂ ಮುಂದಿನ ಆಟಕ್ಕೆ ಬಲೂನು ಊದುತ್ತಿದ್ದಾಗ ಕಡಲ ಕಡೆಯಿಂದ ಕೂಗು ಕೇಳಿತು. ಬಂಗುಡೆ ಮೀನಿನ ಹಿಂಡು ದಡದ ಹತ್ತಿರವೇ ಬಂದಿದೆಯಂತೆ.

ಶಿಬಿರದ ಹಾಲ್ ಖಾಲಿ. ಉಳಿದದ್ದು ಮೇಡಂ, ಬಲೂನು ಮತ್ತು ನಾನು.

ನಾವೂ ಓಡಿದೆವು. ದೋಣಿ ಸುತ್ತು ಹಾಕಿ ಬಲೆ ಬಿಟ್ಟಾಗಿದೆ, ಎರಡೂ ಬದಿಯಲ್ಲಿ ಹಗ್ಗ ಎಳೆಯುತ್ತಿದ್ದಾರೆ. ಒಂದು ಬದಿಗೆ ಜನ ಸಾಲದು. ಆ ಗಡಿಬಿಡಿಯಲ್ಲಿ ಮಂಜಣ್ಣ ಯಾರೆಂದು ನೋಡದೆ ಹಿಂದೆ ನಿಂತಿದ್ದವನಿಗೆ ಬೊಬ್ಬೆ ಹೊಡೆದರು.

"ಎಂತ ಕಾಣ್ತಾ ನಿತ್ಕಂಡಿದ್ಯಾ ಮಾರಾಯ, ಹಗ್ಗ ಹಿಡಿ."

ನಿಂತಿದ್ದವನು ರಫೀಕ್. ಹಿಡಿದ.

ನಮ್ಮಲ್ಲಿ ಕೈರಂಪಣಿ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು ಉಂಟು. ದಾರಿಯಲ್ಲಿ ಹೋಗುವವನು ಎಳೆದರೂ ಉಂಟು, ಅದು ಊರಿನ ಕ್ರಮ. ಮಂಜಣ್ಣನಿಗೆ ಇದು ನೆನಪಾದದ್ದು ಬಲೆ ದಡಕ್ಕೆ ಬಂದ ಮೇಲೆ.

ಪಾಲು ಹಾಕುತ್ತಾ ಹಾಕುತ್ತಾ ರಫೀಕನ ಹತ್ತಿರ ಬಂದವರು ನಿಂತುಬಿಟ್ಟರು. ಇವನಿಗೂ ಉಂಟಾ ಅಂತ ಹಿಂದಿನಿಂದ ಯಾರೋ ಕೇಳಿಯೂ ಬಿಟ್ಟರು.

ಮಂಜಣ್ಣ ತಲೆ ಎತ್ತಲಿಲ್ಲ. "ಎಳ್ದಂವಂಗೆ ಕೊಡ್ದೆ ಇಪ್ಪುಕ್ ಆತ್ತಾ? ಬಲೆ ನಂದ್, ಕ್ರಮ ನಂದಲ್ಲ."

ರಫೀಕ್ ಪಾಲು ತೆಗೆದುಕೊಂಡ. ಉಳಿದ ರಾಶಿಗೆ ಎಷ್ಟು ಅಂತ ಕೇಳಿದ. ಮಂಜಣ್ಣ ಬಾಯಿಗೆ ಬಂದ ರೇಟು ಹೇಳಿದರು. ಇವನು ಬಂಗುಡೆಗೆ ಚಿನ್ನದ ಹಲ್ಲು ಉಂಟಾ ಅಂದ. ಆಮೇಲೆ ಇಬ್ಬರೂ ಮೊದಲು ವ್ಯಾಪಾರ ಇದ್ದಾಗಿನ ಹಾಗೆಯೇ ರೇಟಿಗೆ ಕಿರುಚಾಡಿಕೊಂಡರು. ಮೇಡಂ ಹೆದರಿ, ಪೊಲೀಸರಿಗೆ ಫೋನ್ ಮಾಡಲಾ ಅಂತ ನನ್ನನ್ನು ಕೇಳಿದರು.

ಬೇಡ ಮೇಡಂ, ಸರಿಯಾಯಿತು ಅಂದೆ. ನನ್ನ ಕಣ್ಣಲ್ಲಿ ನೀರು. ಮೇಡಂ ಕೈಯಲ್ಲೂ ಒಂದು ಪಾಲು ಬಂಗುಡೆ, ಅವರೂ ಹಗ್ಗ ಹಿಡಿದಿದ್ದರಲ್ಲ.

ಯಾವ ಸೆಷನ್ನಿಂದ ಈ ಬದಲಾವಣೆ ಬಂತು ಅಂತ ಅನುದಾನದ ರಿಪೋರ್ಟಿನಲ್ಲಿ ಬರೆಯಬೇಕಂತೆ. ಅದನ್ನು ಹೇಗಾದರೂ ಬರೆದುಕೊಳ್ಳುತ್ತೇನೆ ಬಿಡಿ.

ದಡದಲ್ಲಿ ರಫೀಕನಿಗೆ ಮೀನು ಸಿಕ್ಕಿತು... ನಾಳೆ ನಿಮ್ಮ ಗೇಟಿನ ಮುಂದೆ ಅವನು ಹಾರ್ನ್ ಹೊಡೆದಾಗ, ಪಾತ್ರೆ ಹಿಡಿದುಕೊಂಡು ಹೊರಗೆ ಬರುತ್ತೀರಲ್ಲ?